ಕಾರವಾರ ಅಂಕೋಲೆಗಳ ಭೂಮಿಪತ್ರಗಳು

ನಮ್ಮ ನಾಡಿನ ಹಳೆಯ ಮನೆಗಳಲ್ಲಿ ದೇವರ ಕೋಣೆಯ ಮಗ್ಗುಲಲ್ಲಿಯೋ ಅಟ್ಟದ ಮೇಲೆಯೋ ಒಂದು ಮರದ ಪೆಟ್ಟಿಗೆ ಇರುವುದುಂಟು. ಮಳೆಗಾಲ ಕಳೆದ ಮೇಲೆ ಅದರೊಳಗಿನ ಕಾಗದಗಳಿಗೆ ಬಿಸಿಲು ತೋರಿಸುವುದಕ್ಕಾಗಿ ವರ್ಷಕ್ಕೊಮ್ಮೆ ಅದನ್ನು ತೆರೆಯುವರು. ಕ್ರಯಪತ್ರ, ಭೋಗ್ಯಪತ್ರ, ಪಾರೀಖತ್ತು, ಕಂದಾಯದ ರಸೀತಿ ಇವೇ ಮೊದಲಾದುವು ಅದರಲ್ಲಿ ಬಟ್ಟೆಯ ಗಂಟಾಗಿ ಮಲಗಿರುತ್ತವೆ. ಶ್ಯಾನುಭೋಗರ ಮೋಡಿಬರಹವನ್ನು ಓದಬಲ್ಲವರು ಆ ಮನೆಯಲ್ಲಿ ಈಗ ಯಾರೂ ಇಲ್ಲದಿರಬಹುದು. ಆದರೂ ಆ ಗಂಟನ್ನು ಬಿಸಾಡುವ ಧೈರ್ಯ ಯಾರಿಗೂ ಇರುವುದಿಲ್ಲ. ಚರಿತ್ರೆಯೆಂದರೆ ಶಿಲಾಶಾಸನಗಳು, ಅರಸುಮನೆತನಗಳು, ಯುದ್ಧಗಳು ಎಂದು ಭಾವಿಸಿರುವ ನಾವು ಈ ಪೆಟ್ಟಿಗೆಗಳ ಕಡೆಗೆ ತಿರುಗಿ ನೋಡುವುದು ಅಪರೂಪ. ಈ ದಿನ ಕನ್ನಡದ ಕರಾವಳಿಯ ಕಾರವಾರ, ಅಂಕೋಲೆ ಎಂಬ ಎರಡು ತಾಲೂಕುಗಳನ್ನು ತೆಗೆದುಕೊಂಡು, ಅಲ್ಲಿ ನೆಲದ ಹಕ್ಕು ಬರವಣಿಗೆಗೆ ಏರಿದ ಬಗೆಯನ್ನೂ, ಆ ಬರವಣಿಗೆಯನ್ನು ಹುಡುಕಿ ತೆಗೆಯುವ ಬಗೆಯನ್ನೂ, ಅದರಿಂದ ಜನಕ್ಕೆ ಒದಗಿದ ಹಿತಾಹಿತಗಳನ್ನೂ ಕೇಳುಗರ ಮುಂದೆ ಇಡಬೇಕೆಂದು ನಮ್ಮ ಉದ್ದೇಶ.

ಮೊದಲು ಆ ನೆಲವೆಂಥದೆಂದು ತಿಳಿದಿರಬೇಕು. ಪಡುವಲಲ್ಲಿ ಕಡಲು, ಮೂಡಲಲ್ಲಿ ಸಹ್ಯಾದ್ರಿ; ಇವೆರಡರ ನಡುವೆ ಅಗಲ ಕಿರಿದಾದ ಪಟ್ಟಿ. ಕಾರವಾರದಲ್ಲಿ ಕಾಳೀನದಿ, ಅಂಕೋಲೆಯ ತೆಂಕಲಲ್ಲಿ ಗಂಗಾವಳಿ ಕಡಲನ್ನು ಸೇರುತ್ತವೆ. ನದಿಯ ಬಾಯಲ್ಲಿ ಉಪ್ಪುನೀರು ಏರಿ ಇಳಿಯುವ ತಗ್ಗುಭೂಮಿಗೆ ಅಲ್ಲಿಯವರು ಗಜನಿಯೆನ್ನುವರು. ಕಟ್ಟನ್ನು ಹಾಕಿ ಉಪ್ಪುನೀರನ್ನು ತಡೆದರೆ ಅದರಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಕಟ್ಟು ಒಡೆದರೆ ಗದ್ದೆ ಮರಳಿ ಹೊಳೆಯ ಪಾಲಾಗುತ್ತದೆ. ಹೀಗೆ ಉಳುವ ನೆಲ ಕಡಿಮೆ. ಇರುವ ನೆಲವೂ ನೀರಿನೊಡನೆ ಹೋರಾಡಿ ಪಡೆದದ್ದು. ಹಳೆಯ ಪತ್ರವೊಂದರ ಚೆಕ್ಕುಬಂದಿಯಲ್ಲಿ ‘ಪಡುವಲು ಹೊಳೆ’ ಎಂದು ಬರೆದಿದ್ದರೆ, ಆ ಹೊಳೆ ಈಗ ಎಲ್ಲಿ ಹರಿಯುತ್ತದೆ ಎಂಬುದೇ ಮೊದಲನೆಯ ಪ್ರಶ್ನೆಯಾಗುತ್ತದೆ. ಅಂಗೈಯಗಲದ ಗದ್ದೆಗೂ ಇಲ್ಲಿ ಪತ್ರವಿರಬೇಕಾದುದರ ಕಾರಣ ಇದರಿಂದ ಸ್ಪಷ್ಟವಾಗುವುದು.

ಇಂಗ್ಲಿಷರು ಬರುವ ಮೊದಲು ಭೂಮಿಯ ಲೆಕ್ಕಗಳನ್ನು ಕಡತಗಳಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಸೇರಿಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದ ಕಡ್ಡಿಯಿಂದ ಬರೆಯುವ ಪುಸ್ತಕವೇ ಕಡತ. ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದೆಂಬುದು ಅದರ ಗುಣವೂ ಹೌದು, ದೋಷವೂ ಹೌದು. ಈ ಸೀಮೆ ಸೋದೆಯ ಅರಸರ ಕೈಯಲ್ಲಿದ್ದು, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಹೈದರಾಲಿಯ ವಶವಾಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷರ ಪಾಲಿಗೆ ಬಂದಿತು. ಅರಸರು ಬದಲಾದರೂ ಲೆಕ್ಕದ ಕಡತಗಳು ಕರಣಿಕರ ಮನೆಯಲ್ಲಿಯೇ ಉಳಿದುವು.

ಆಗ ಕನ್ನಡ ಜಿಲ್ಲೆಯ ಮೊದಲನೆಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಆತನು ಈ ಕರಿಯ ಪುಸ್ತಕಗಳನ್ನೂ ಜನರ ಕೈಯಲ್ಲಿದ್ದ ಹಳೆಯ ಪತ್ರಗಳನ್ನೂ ತರಿಸಿ ನೋಡಿ, ೧೮೦೦ನೆಯ ಮೇ ತಿಂಗಳಲ್ಲಿ ಮದರಾಸಿನ ಕಂದಾಯ ಮಂಡಲಿಗೆ ಒಂದು ದೀರ್ಘವಾದ ವರದಿಯನ್ನು ಬರೆದನು. ಈ ಸೀಮೆಯ ಭೂಮಿಯು ಪುರಾತನ ಕಾಲದಿಂದಲೂ ಪ್ರಜೆಗಳ ಸ್ವಂತ ಸ್ವತ್ತು. ಅದು ತಂದೆಯಿಂದ ಮಗನಿಗೆ ಇಳಿದುಬರುವುದು, ಮಾರಲೂ ಅಡವಿಡಲೂ ಅವರಿಗೆ ಅಧಿಕಾರವುಂಟು ಎಂಬುದು ಆ ವರದಿಯ ಸಾರ. ನೆಲವೆಲ್ಲ ಅರಸನದೆಂದು ಅನೇಕ ಅಧಿಕಾರಿಗಳು ನಂಬಿದ್ದ ಕಾಲದಲ್ಲಿ ಒಬ್ಬ ಕಲೆಕ್ಟರನು ಹೀಗೆ ಬರೆದದ್ದು ಸಾಮಾನ್ಯ ಸಂಗತಿಯಲ್ಲ. ಆತನಿಗೆ ಆಧಾರವಾದದ್ದು ತರ್ಕಕ್ಕಿಂತ ಹೆಚ್ಚಾಗಿ ಈ ಜನ ಕಾಪಾಡಿಕೊಂಡು ಬಂದಿದ್ದ ಕಡತಗಳೇ ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ಆದರೆ ಆ ಕಡತಗಳಲ್ಲಿ ಯಾರ ಹೆಸರಿದ್ದಿತು? ಕರಾವಳಿಯ ಭೂಹಿಡುವಳಿಯಲ್ಲಿ ಮೇಲಿನ ಮೆಟ್ಟಿಲು ಮೂಲವರ್ಗದಾರನದು. ಆತನು ಸರ್ಕಾರಕ್ಕೆ ಕಂದಾಯ ಕೊಟ್ಟು ಭೂಮಿಯನ್ನು ಸ್ವಂತವಾಗಿ ಅನುಭವಿಸುವವನು. ಆತನ ಕೆಳಗೆ ಮೂಲಗೇಣಿದಾರ. ನಿಗದಿಯಾದ ಗೇಣಿಯನ್ನು ಕೊಡುವವರೆಗೆ ಇವನನ್ನು ಎಬ್ಬಿಸುವಂತಿಲ್ಲ. ಅವನಿಗೂ ಕೆಳಗೆ ಚಾಲಗೇಣಿದಾರ. ಒಡೆಯನ ಮನಸ್ಸು ಇರುವವರೆಗೆ ಉಳುವವನು. ಮೂಲವರ್ಗದಾರನಿಗೆ ಪತ್ರವಿತ್ತು. ಮೂಲಗೇಣಿದಾರನಿಗೂ ಬಹುಮಟ್ಟಿಗೆ ಒಂದು ಚೀಟಿಯಿತ್ತು. ಚಾಲಗೇಣಿದಾರನ ಹಕ್ಕಿಗೆ ಬಾಯಿಮಾತೇ ಆಧಾರ. ಕೆಸರಿನಲ್ಲಿ ನಿಂತು ಕಟ್ಟನ್ನು ಕಟ್ಟಿದವನು ಬಹಳ ಸಂದರ್ಭಗಳಲ್ಲಿ ಇವನೇ. ಈ ಮೂರನೆಯವನು ಮುಂದೆ ನಮಗೆ ಮತ್ತೆ ಎದುರಾಗುವನು.

ಇನ್ನು ದಾಖಲೆಯ ವಿಷಯ. ೧೮೦೨ರಲ್ಲಿಯೇ ಮದರಾಸಿನ ಸರ್ಕಾರವು ಕ್ರಯಪತ್ರ, ಅಡವುಪತ್ರ, ಮರಣಶಾಸನಗಳನ್ನು ದಾಖಲು ಮಾಡುವುದಕ್ಕೆ ಒಂದು ನಿಬಂಧನೆಯನ್ನು ಮಾಡಿದ್ದಿತು. ಆದರೆ ಅದು ಕಡ್ಡಾಯವಾಗಿರಲಿಲ್ಲ. ೧೮೬೨ರಲ್ಲಿ ಕನ್ನಡ ಜಿಲ್ಲೆಯ ಉತ್ತರಭಾಗವನ್ನು ಬೊಂಬಾಯಿ ಅಧಿಪತ್ಯಕ್ಕೆ ಸೇರಿಸಿದರು. ಕುಂದಾಪುರವೂ ಅದರ ತೆಂಕಣ ಸೀಮೆಯೂ ಮದರಾಸಿನಲ್ಲಿಯೇ ಉಳಿದುವು. ಕಾರವಾರವು ಉತ್ತರ ಕನ್ನಡಕ್ಕೆ ಮುಖ್ಯಸ್ಥಳವಾಯಿತು. ಮುಂದೆ ೧೯೫೬ನೆಯ ನವೆಂಬರ್ ೧ರಂದು ಇಡೀ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಅಂಕೋಲೆಯ ಒಂದು ಗದ್ದೆ ಇದ್ದಲ್ಲಿಂದ ಒಂದು ಗೇಣೂ ಕದಲಿಲ್ಲ. ಆದರೆ ಅದರ ಚರಿತ್ರೆಯನ್ನು ಪೂರ್ತಿಯಾಗಿ ತಿಳಿಯಬೇಕೆಂಬವನು ಮದರಾಸು, ಬೊಂಬಾಯಿ, ಬೆಂಗಳೂರು ಎಂಬ ಮೂರು ರಾಜಧಾನಿಗಳ ಆಳ್ವಿಕೆಯನ್ನೂ ಮೂರು ಬಗೆಯ ಲೆಕ್ಕದ ಪದ್ಧತಿಗಳನ್ನೂ ದಾಟಿಹೋಗಬೇಕಾಗಿದೆ.

ಬೊಂಬಾಯಿಯವರು ಬಂದೊಡನೆ ತಮ್ಮ ಪದ್ಧತಿಯ ಭೂಮಾಪನವನ್ನು ಆರಂಭಿಸಿದರು. ಅದುವರೆಗೆ ಒಬ್ಬನ ವರ್ಗವೆಂದರೆ ಗದ್ದೆ, ತೋಟ, ಹಕ್ಕಲು ಎಲ್ಲವೂ ಸೇರಿದ ಒಂದು ಹಿಡುವಳಿಯ ಹೆಸರಾಗಿತ್ತು. ಈಗ ಸರಪಳಿ ಹಿಡಿದು ಅಳೆದು, ಕಲ್ಲು ನೆಟ್ಟು, ಒಂದೊಂದು ತುಂಡಿಗೂ ಸರ್ವೆ ನಂಬರನ್ನು ಕೊಟ್ಟರು. ಕಂದಾಯವನ್ನೂ ಹೊಸದಾಗಿ ಕಟ್ಟಿದರು. ಮೂಲವರ್ಗದವರು ಇದನ್ನು ಸುಮ್ಮನೆ ಒಪ್ಪಲಿಲ್ಲ. ತಮ್ಮ ಕಂದಾಯ ಹಿಂದೆಯೇ ಶಾಶ್ವತವಾಗಿ ಗೊತ್ತಾದುದೆಂದೂ ಅದನ್ನು ಏರಿಸುವ ಅಧಿಕಾರ ಸರ್ಕಾರಕ್ಕಿಲ್ಲವೆಂದೂ ವಾದಿಸಿ ನ್ಯಾಯಸ್ಥಾನಕ್ಕೆ ಹೋದರು. ವ್ಯಾಕುಂಠ ಬಾಪೂಜಿಯವರ ಹೆಸರಿನ ಮೊಕದ್ದಮೆಯಲ್ಲಿ ಬೊಂಬಾಯಿಯ ಹೈಕೋರ್ಟು ೧೮೭೫ರಲ್ಲಿ ತೀರ್ಪನ್ನು ಕೊಟ್ಟಿತು. ಕರಾವಳಿಯ ಭೂಹಕ್ಕಿನ ಚರಿತ್ರೆಯನ್ನು ವಿಸ್ತಾರವಾಗಿ ವಿಚಾರಿಸಿ, ಮೂಲವರ್ಗದಾರನಿಗೆ ನೆಲದಲ್ಲಿ ಸ್ವತ್ತುಂಟೆಂದು ಒಪ್ಪಿದರೂ, ಕಂದಾಯವನ್ನು ಪುನಃ ಕಟ್ಟುವ ಅಧಿಕಾರ ಸರ್ಕಾರಕ್ಕೆ ಉಂಟೆಂದೇ ನ್ಯಾಯಾಧಿಪತಿಗಳು ತೀರ್ಮಾನಿಸಿದರು. ಮನೆಯ ಪೆಟ್ಟಿಗೆಯಲ್ಲಿದ್ದ ಪತ್ರ ಒಡೆತನವನ್ನು ಕಾಯಿತು. ಕಂದಾಯವನ್ನು ತಡೆಯಲಾರದೆ ಹೋಯಿತು.

ಇಷ್ಟರಲ್ಲಿ ದಸ್ತಾವೇಜುಗಳ ನೋಂದಣಿಗೆ ಇಂಡಿಯಾ ದೇಶಕ್ಕೆಲ್ಲ ಒಂದೇ ಕಾನೂನು ೧೮೬೪ರಲ್ಲಿ ಬಂದಿದ್ದಿತು. ಅದನ್ನು ಹಲವು ಸಲ ತಿದ್ದಿದ ಮೇಲೆ ೧೯೦೮ರ ಕಾನೂನು ಬಂದಿತು. ಅದರ ಕ್ರಮ ಸರಳವಾದುದು. ನೂರು ರೂಪಾಯಿಗೆ ಕಡಿಮೆಯಿಲ್ಲದ ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರ ಮೊದಲಾದುವನ್ನು ನೋಂದಣಿ ಮಾಡಿಸಲೇಬೇಕು. ಬರೆದ ನಾಲ್ಕು ತಿಂಗಳೊಳಗೆ ಆ ಜಮೀನು ಯಾವ ಸಬ್‌ರಿಜಿಸ್ಟ್ರಾರರ ಎಲ್ಲೆಗೆ ಸೇರಿದೆಯೋ ಅಲ್ಲಿಗೆ ತರಬೇಕು. ಬರೆದುಕೊಟ್ಟವನು ತಾನೇ ಬರೆದುಕೊಟ್ಟದ್ದು ನಿಜವೆಂದು ಅಧಿಕಾರಿಯ ಮುಂದೆ ಒಪ್ಪಬೇಕು; ಅವನು ಇಂಥವನೇ ಎಂದು ಗುರುತಿಸುವವರಿರಬೇಕು; ರುಜುವನ್ನೋ ಹೆಬ್ಬೆಟ್ಟಿನ ಗುರುತನ್ನೋ ಹಾಕಬೇಕು. ಬಳಿಕ ಅಧಿಕಾರಿಯು ಪತ್ರದ ಬೆನ್ನಿನ ಮೇಲೆ ಷರಾ ಬರೆದು, ಪತ್ರದ ಮಾತುಗಳನ್ನು ಅಕ್ಷರಶಃ ಒಂದನೆಯ ಪುಸ್ತಕದಲ್ಲಿ ನಕಲು ಮಾಡಿಸಿ, ಮೂಲವನ್ನು ಹಿಂದಕ್ಕೆ ಕೊಡುವನು.

ಒಂದನೆಯ ಪುಸ್ತಕವೆಂದರೆ ಸ್ಥಿರಾಸ್ತಿಯ ಪತ್ರಗಳ ಪುಸ್ತಕ. ಇದಕ್ಕೆ ಎರಡು ಸೂಚಿಗಳುಂಟು: ಒಂದು ವ್ಯಕ್ತಿಗಳ ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ಅಂಕೋಲೆಯ ಗೃಹಸ್ಥನೊಬ್ಬನು ತನ್ನ ಅಜ್ಜನು ಕೊಂಡ ಗದ್ದೆಯ ಪತ್ರವನ್ನು ಹುಡುಕಲು ಹೊರಟನೆಂದು ಭಾವಿಸೋಣ. ಮನೆಯಲ್ಲಿದ್ದ ಮೂಲಪತ್ರವನ್ನು ಗೆದ್ದಲು ತಿಂದಿದೆ. ಆತನಿಗೆ ಅಜ್ಜನ ಹೆಸರು ಗೊತ್ತು, ಗ್ರಾಮ ಗೊತ್ತು, ವರ್ಷ ಮಾತ್ರ ಸುಮಾರಾಗಿ ಗೊತ್ತು. ಶುಲ್ಕವನ್ನು ಕಟ್ಟಿ ಆ ಸುಮಾರಿನ ವರ್ಷಗಳ ಸೂಚಿಗಳನ್ನು ಒಂದೊಂದಾಗಿ ನೋಡಿಸಬೇಕು. ಅಜ್ಜನ ಹೆಸರಿನವರೇ ಇನ್ನೂ ಮೂವರು ಆ ಗ್ರಾಮದಲ್ಲಿದ್ದಿರಬಹುದು. ಆಗ ಆಸ್ತಿಯ ಸೂಚಿಯಲ್ಲಿ ಸರ್ವೆ ನಂಬರನ್ನು ನೋಡಿ ತಾಳೆ ಹಾಕಬೇಕು. ಸಿಕ್ಕಿದರೆ ಅದರ ದೃಢೀಕೃತ ನಕಲನ್ನು ಪಡೆಯಬಹುದು. ಆ ನಕಲು ಮೂಲಪತ್ರದಲ್ಲಿದ್ದ ಮಾತಿಗೆ ನ್ಯಾಯಸ್ಥಾನದಲ್ಲಿ ಸಾಕ್ಷ್ಯವಾಗುತ್ತದೆ. ಒಂದನೆಯ ಪುಸ್ತಕವನ್ನು ನೋಡುವ ಅಧಿಕಾರ ಶುಲ್ಕ ಕೊಟ್ಟ ಯಾವನಿಗಾದರೂ ಉಂಟು. ಮನೆಯ ಗುಟ್ಟಾಗಿದ್ದ ಪತ್ರವು ಹೀಗೆ ಸಾರ್ವಜನಿಕರ ಸಂಗತಿಯಾಯಿತು. ಒಂದೇ ಗದ್ದೆಯನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಇದರಿಂದ ಬಹಳಮಟ್ಟಿಗೆ ಕಡಿವಾಣ ಬಿದ್ದಿತು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ವಿದ್ಯಾವಂತರೂ ಇದನ್ನು ಮರೆಯುವುದುಂಟು. ಸಬ್‌ರಿಜಿಸ್ಟ್ರಾರರು ದಾಖಲು ಮಾಡುವುದು ಪತ್ರವನ್ನೇ ಹೊರತು ಒಡೆತನವನ್ನಲ್ಲ. ಮಾರುವವನಿಗೆ ಆ ನೆಲದಲ್ಲಿ ನಿಜವಾಗಿ ಹಕ್ಕಿದ್ದಿತೆ ಎಂಬುದಕ್ಕೆ ಆ ಪುಸ್ತಕವು ಹೊಣೆಯಾಗುವುದಿಲ್ಲ. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಲು ಬೊಂಬಾಯಿ ಸರ್ಕಾರವು ೧೯೦೩ರಲ್ಲಿ ಹಕ್ಕುದಾಖಲೆಯ ಕಾನೂನನ್ನು ಮಾಡಿ, ೧೯೧೩ರಲ್ಲಿ ಅದನ್ನು ಭೂಕಂದಾಯದ ಸಂಹಿತೆಯೊಳಗೆ ಸೇರಿಸಿತು. ಕೊಂಡವನು, ವಾರಸಾಗಿ ಪಡೆದವನು, ಪಾಲಾಗಿ ಹಂಚಿಕೊಂಡವನು, ಇವರೆಲ್ಲರೂ ಗ್ರಾಮದ ಲೆಕ್ಕಿಗನಿಗೆ ವರದಿ ಕೊಡಬೇಕು; ತಕರಾರಿದ್ದರೆ ವಿಚಾರಣೆ ನಡೆಯಬೇಕು; ಮೇಲಧಿಕಾರಿಯು ಒಪ್ಪಿದ ಮೇಲೆ ಹೆಸರು ಬದಲಾಗಬೇಕು. ಹೀಗೆ ದಾಖಲಾದದ್ದು ಸುಳ್ಳೆಂದು ಸಿದ್ಧವಾಗುವವರೆಗೆ ನಿಜವೆಂದೇ ಭಾವಿಸತಕ್ಕದ್ದು. ಅಂದಿನಿಂದ ಕರಾವಳಿಯ ರೈತನು ಎರಡು ಕಚೇರಿಗಳ ಋಣಿಯಾದನು: ಪತ್ರ ಒಂದು ಕಡೆ, ಹಕ್ಕಿನ ದಾಖಲೆ ಇನ್ನೊಂದು ಕಡೆ. ಪತ್ರವನ್ನು ಮಾಡಿಸಿ ದಾಖಲೆಯಲ್ಲಿ ಹೆಸರನ್ನು ಏರಿಸದೆ ಬಿಟ್ಟವರು ಎಷ್ಟೋ ಮಂದಿ. ತಂದೆ ತೀರಿಕೊಂಡು ಮೊಮ್ಮಕ್ಕಳು ಮುದುಕರಾದರೂ ಸರ್ಕಾರದ ಪುಸ್ತಕದಲ್ಲಿ ಮುತ್ತಜ್ಜನೇ ಇನ್ನೂ ಬೇಸಾಯ ಮಾಡುತ್ತಿರುವ ಸಂದರ್ಭಗಳು ಇಂದಿಗೂ ಅಪರೂಪವಲ್ಲ.

ಪುಸ್ತಕದಲ್ಲಿ ಹೆಸರು ಇರುವುದರ ಬೆಲೆಯೇನೆಂಬುದು ಅಂಕೋಲೆಯ ಜನಕ್ಕೆ ೧೯೩೦ರ ಮೇಲೆ ತಿಳಿದುಬಂದಿತು. ಆ ವರ್ಷದ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಬಳಿಕ ಕರನಿರಾಕರಣೆಯ ಚಳವಳಿ ಹುಟ್ಟಿತು. ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿಯೆಂದು ಕರೆದದ್ದು ಇದರಿಂದಲೇ. ಕಂದಾಯ ಕೊಡದ ರೈತರ ಜಮೀನುಗಳನ್ನು ಸರ್ಕಾರವು ಮುಟ್ಟುಗೋಲು ಹಾಕಿಕೊಂಡಿತು. ಕೆಲವನ್ನು ಹರಾಜಿನಲ್ಲಿ ಮಾರಿತು. ೧೯೩೧ನೆಯ ಮಾರ್ಚ್ ತಿಂಗಳ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಮುಟ್ಟುಗೋಲಾದ ಸ್ಥಿರಾಸ್ತಿಯನ್ನು ಹಿಂದಕ್ಕೆ ಕೊಡತಕ್ಕದ್ದೆಂಬ ಮಾತಿದ್ದಿತು. ಆದರೆ ಮೂರನೆಯವರಿಗೆ ಮಾರಿಹೋದದ್ದು ಸರ್ಕಾರದ ಮಟ್ಟಿಗೆ ಮುಗಿದ ಮಾತೆಂದೂ ಅದರಲ್ಲಿಯೇ ಬರೆದಿದ್ದಿತು. ಒಂದು ಸಾಲಿನ ಈ ವಿನಾಯಿತಿಯ ಭಾರ ಎಷ್ಟೆಂಬುದನ್ನು ನೆಲ ಮಾರಿಹೋದ ಮನೆಯವರೇ ಬಲ್ಲರು. ೧೯೩೨ರಲ್ಲಿ ಚಳವಳಿ ಮತ್ತೆ ಎದ್ದಾಗ ಮತ್ತೆ ಮುಟ್ಟುಗೋಲು, ಮತ್ತೆ ಹರಾಜು. ತಲೆತಲಾಂತರದಿಂದ ಉತ್ತ ಗದ್ದೆಯ ಬದುವಿನ ಮೇಲೆ ನಿಂತು ಪರರು ಉಳುವುದನ್ನು ನೋಡಬೇಕಾದ ದಿನಗಳು ಅವು. ೧೯೩೭ರಲ್ಲಿ ಬೊಂಬಾಯಿಯಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲ ಬಂದ ಮೇಲೆ, ೧೯೩೮ರಲ್ಲಿ, ಇಂಥ ಜಮೀನುಗಳನ್ನು ಹಿಂದಿನ ಒಡೆಯರಿಗೆ ಮರಳಿಸುವ ಕಾನೂನಾಯಿತು. ಹೊಡೆದುಹಾಕಿದ ಹೆಸರುಗಳು ದಫ್ತರಕ್ಕೆ ಮರಳಿದುವು. ಮರಳಿಸುವುದು ಸಾಧ್ಯವಾದದ್ದಾದರೂ ಹೇಗೆ? ಯಾರ ಗದ್ದೆ, ಯಾವ ನಂಬರು, ಯಾವ ದಿನ ಯಾರ ಕೈಗೆ ಹೋಯಿತು ಎಂಬುದನ್ನೆಲ್ಲ ಮುಟ್ಟುಗೋಲು ಹಾಕಿದ ಸರ್ಕಾರವೇ ಬರೆದಿಟ್ಟಿದ್ದಿತು. ಕಸಿದುಕೊಂಡವರ ಬರವಣಿಗೆಯೇ ಕಳೆದುಕೊಂಡವರಿಗೆ ಸಾಕ್ಷಿಯಾಯಿತು.

ಇಷ್ಟಾದರೂ ಮರಳಿ ಪಡೆದವರು ಪುಸ್ತಕದಲ್ಲಿ ಹೆಸರಿದ್ದವರು. ನಾವು ಮೊದಲು ಹೇಳಿದ ಚಾಲಗೇಣಿದಾರನ ಪಾಡೇನು? ಅವನ ಪರವಾಗಿ ಅಂಕೋಲೆಯ ಸೀಮೆಯಲ್ಲಿ ಎದ್ದು ನಿಂತವರಲ್ಲಿ ದಿನಕರ ದೇಸಾಯಿಯವರು ಮುಖ್ಯರು. ಚೌಪದಿಗಳ ಕವಿಯೆಂದು ಕನ್ನಡಿಗರೆಲ್ಲರಿಗೂ ಪರಿಚಿತರಾದ ಇವರು ರೈತರ ಸಂಘಟನೆಯನ್ನು ಕಟ್ಟಿ, ಅದಕ್ಕಾಗಿ ಜಿಲ್ಲೆಯಿಂದ ಗಡಿಪಾರಾಗುವ ಶಿಕ್ಷೆಯನ್ನೂ ಅನುಭವಿಸಿದರು. ೧೯೩೯ರಲ್ಲಿಯೂ ೧೯೪೮ರಲ್ಲಿಯೂ ಬೊಂಬಾಯಿ ಪ್ರಾಂತದಲ್ಲಿ ಗೇಣಿಯ ಕಾನೂನುಗಳಾದುವು. ಕೊನೆಗೆ ೧೯೭೪ನೆಯ ಮಾರ್ಚ್ ೧ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿಯು ಗೇಣಿಪದ್ಧತಿಯನ್ನು ತೆಗೆದುಹಾಕಿ, ಗೇಣಿಯ ಭೂಮಿಯೆಲ್ಲ ಸರ್ಕಾರದ್ದೆಂದು ಸಾರಿ, ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಭೂನ್ಯಾಯಮಂಡಲಿಯು ವಿಚಾರಿಸಿ ಒಡೆತನವನ್ನು ಕೊಡುವಂತೆ ಏರ್ಪಡಿಸಿತು. ಹಾಲಕ್ಕಿ ಒಕ್ಕಲಿಗರೇ ಮೊದಲಾದ ಬೇಸಾಯಗಾರರು ಜೀವನದಲ್ಲಿ ಮೊಟ್ಟಮೊದಲಿಗೆ ನೆಲದ ಒಡೆಯರೆಂದು ಕಾಗದದ ಮೇಲೆ ಬಂದದ್ದು ಆಗ. ಆದರೆ ಅರ್ಜಿಯ ಜೊತೆಗೆ ಏನನ್ನು ತೋರಿಸುವುದು? ಗೇಣಿಯ ರಸೀತಿಯನ್ನು ಒಡೆಯನು ಕೊಟ್ಟಿರಲಿಲ್ಲ; ಪಹಣಿಯ ಬೇಸಾಯಗಾರನ ಕಲಮಿನಲ್ಲಿ ಹೆಸರಿದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನೆರೆಯವರ ಬಾಯಿಮಾತಿನ ಸಾಕ್ಷ್ಯದ ಮೇಲೆ ಎಷ್ಟೋ ಅರ್ಜಿಗಳು ನಿಲ್ಲಬೇಕಾಯಿತು. ಅರ್ಜಿಗೆ ಕೊನೆಯ ದಿನ ೧೯೭೯ನೆಯ ಜೂನ್ ೩೦. ಅಷ್ಟರೊಳಗೆ ಬರಲಾರದವರು, ಬರಲು ಅಂಜಿದವರು, ಒಡೆಯನ ದಾಕ್ಷಿಣ್ಯಕ್ಕೆ ಸುಮ್ಮನಿದ್ದವರು ಪುಸ್ತಕದ ಹೊರಗೇ ಉಳಿದರು.

ಹೊರಗೆ ಉಳಿಯುವುದೆಂದರೆ ಏನೆಂಬುದು ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಇನ್ನಷ್ಟು ಕಠಿನವಾಗಿ ಪ್ರಕಟವಾಯಿತು. ೧೯೮೬ನೆಯ ಅಕ್ಟೋಬರ್ ೨೪ರಂದು ಪ್ರಧಾನಿ ರಾಜೀವ ಗಾಂಧಿಯವರು ಕಾರವಾರದ ಬಳಿ ಸೀಬರ್ಡ್ ಎಂಬ ನೌಕಾನೆಲೆಗೆ ಅಡಿಗಲ್ಲನ್ನಿಟ್ಟರು. ೨೦೦೫ನೆಯ ಮೇ ೩೧ರಂದು ಆ ನೆಲೆಯು ಕದಂಬ ಎಂಬ ಹೆಸರಿನಿಂದ ಸೇವೆಗೆ ಬಂದಿತು. ಇದಕ್ಕಾಗಿ ಕಾರವಾರ, ಅಂಕೋಲೆ ತಾಲೂಕುಗಳ ೧೩ ಊರುಗಳಿಂದ ೪,೦೦೦ಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋಗಬೇಕಾಯಿತು. ದೇಶದ ರಕ್ಷಣೆಗೆ ಇಂಥ ನೆಲೆ ಬೇಕೆ ಬೇಡವೆ ಎಂಬ ವಿಚಾರ ನಮ್ಮ ಈ ಭಾಷಣದ್ದಲ್ಲ. ಆಗ ಜಾರಿಯಲ್ಲಿದ್ದ ೧೮೯೪ರ ಭೂಸ್ವಾಧೀನದ ಕಾನೂನಿನಂತೆ ನೋಟೀಸು ಹೋಗುತ್ತಿದ್ದುದೂ ಪರಿಹಾರ ಬರುತ್ತಿದ್ದುದೂ ಮುಖ್ಯವಾಗಿ ದಾಖಲೆಯಲ್ಲಿ ಹೆಸರಿದ್ದವನಿಗೆ. ಮುತ್ತಜ್ಜನ ಹೆಸರಿನಲ್ಲಿದ್ದ ಜಮೀನಿಗೆ ವಾರಸುದಾರರು ಯಾರೆಂದು ತೋರಿಸಬೇಕು. ಪಾಲುದಾರರಲ್ಲಿ ತಕರಾರಿದ್ದರೆ ಹಣವು ನ್ಯಾಯಸ್ಥಾನದಲ್ಲಿ ಕಾಯುತ್ತ ಕುಳಿತಿರುವುದು. ಬಾಯಿಮಾತಿನ ಮೇಲೆ ಉಳುತ್ತಿದ್ದವನಿಗೂ, ಒಬ್ಬರ ತೋಟದಲ್ಲಿ ಗುಡಿಸಲು ಹಾಕಿಕೊಂಡಿದ್ದವನಿಗೂ, ಕಡಲಕರೆಯಲ್ಲಿ ಬಲೆ ಒಣಗಿಸುತ್ತಿದ್ದವನಿಗೂ ಯಾವ ಪುಸ್ತಕವೂ ಆಧಾರವಲ್ಲ. ಹೆಣ್ಣುಮಕ್ಕಳ ಮಾತು ಹೇಳಲೇಬೇಕಾಗಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಸಮಪಾಲೆಂಬುದು ಕರ್ನಾಟಕದಲ್ಲಿ ೧೯೯೪ರಲ್ಲಿಯೂ ದೇಶಕ್ಕೆಲ್ಲ ೨೦೦೫ರಲ್ಲಿಯೂ ಕಾನೂನಾಯಿತು. ಅದಕ್ಕೂ ಹಿಂದಿನ ದಫ್ತರಗಳಲ್ಲಿ ಅವರ ಹೆಸರನ್ನು ಹುಡುಕುವವರಿಗೆ ಬಹಳ ತಾಳ್ಮೆ ಬೇಕು.

ಈಚೆಗೆ ದಾಖಲೆಗಳ ರೂಪವೇ ಬದಲಾಗಿದೆ. ‘ಭೂಮಿ’ ಎಂಬ ಯೋಜನೆಯಿಂದ ೨೦೦೨ರ ಹೊತ್ತಿಗೆ ಕರ್ನಾಟಕದ ತಾಲೂಕುಗಳ ಪಹಣಿಗಳೆಲ್ಲ ಗಣಕಯಂತ್ರಕ್ಕೆ ಏರಿದುವು. ಕೈಬರಹದ ಪಹಣಿಯ ಚಲಾವಣೆ ನಿಂತಿತು. ೨೦೦೩ರಿಂದ ನೋಂದಣಿಯ ಕೆಲಸವೂ ‘ಕಾವೇರಿ’ ಎಂಬ ಏರ್ಪಾಡಿನಲ್ಲಿ ಯಂತ್ರದ ಮೂಲಕ ನಡೆಯುತ್ತಿದೆ. ಹಿಂದೆ ಶ್ಯಾನುಭೋಗರ ಮನೆಯ ಜಗಲಿಯಲ್ಲಿ ದಿನಗಟ್ಟಲೆ ಕಾಯಬೇಕಾಗಿದ್ದ ರೈತನು ಈಗ ಕೆಲವು ನಿಮಿಷಗಳಲ್ಲಿ ಪಹಣಿಯನ್ನು ಪಡೆಯುವನು. ಇದು ದೊಡ್ಡ ಉಪಕಾರವೇ ಸರಿ. ಆದರೆ ಯಂತ್ರವು ಹಳೆಯ ಪುಸ್ತಕದಲ್ಲಿದ್ದುದನ್ನು ನಕಲು ಮಾಡಿಕೊಂಡಿತು. ಅಲ್ಲಿ ಇಲ್ಲದ್ದನ್ನು ಅದು ತರಲಾರದು. ಮುತ್ತಜ್ಜನು ಅಚ್ಚುಕಟ್ಟಾದ ಅಚ್ಚಿನ ಅಕ್ಷರದಲ್ಲಿ ಇನ್ನೂ ಬೇಸಾಯ ಮಾಡುತ್ತಲೇ ಇರಬಹುದು. ಆಗ ಮತ್ತೆ ಹಳೆಯ ಸಂಪುಟಗಳಿಗೇ ಹೋಗಬೇಕು, ಮತ್ತೆ ಮನೆಯ ಪೆಟ್ಟಿಗೆಯನ್ನೇ ತೆರೆಯಬೇಕು.

ಇಷ್ಟು ಚರಿತ್ರೆಯಿಂದ ನಮಗೆ ಎರಡು ಮಾತುಗಳು ತೋರುತ್ತವೆ. ಒಂದು, ಬರವಣಿಗೆಯು ದುರ್ಬಲರಿಗೆ ಶತ್ರುವೆಂಬ ಮಾತು ಪೂರ್ತಿಯಾಗಿ ನಿಜವಲ್ಲ. ಮನ್ರೋವನ್ನು ಒಪ್ಪಿಸಿದ್ದೂ, ಅಂಕೋಲೆಯ ರೈತರಿಗೆ ನೆಲವನ್ನು ಮರಳಿಸಿದ್ದೂ ಬರವಣಿಗೆಯೇ. ಎರಡು, ಪುಸ್ತಕದಲ್ಲಿ ಇಲ್ಲವೆಂದ ಮಾತ್ರಕ್ಕೆ ಹಕ್ಕೇ ಇಲ್ಲವೆನ್ನುವುದೂ ನ್ಯಾಯವಲ್ಲ. ಪುಸ್ತಕವು ಕಚೇರಿಯವರೆಗೆ ಬರಬಲ್ಲವರ, ಶುಲ್ಕ ಕೊಡಬಲ್ಲವರ, ಅಂಜದೆ ಹೆಸರು ಹೇಳಬಲ್ಲವರ ಮಾತನ್ನು ಮಾತ್ರ ಬರೆದುಕೊಂಡಿದೆ. ಅಧಿಕಾರಿಗಳಾಗಲಿ ಚರಿತ್ರಕಾರರಾಗಲಿ ಅದನ್ನು ಓದುವಾಗ ಬರೆಯದೆ ಉಳಿದವರನ್ನೂ ನೆನೆಯಬೇಕು.

ನಮ್ಮ ಕೇಳುಗರಲ್ಲಿ ಅನೇಕರು ಊರನ್ನು ಬಿಟ್ಟು ನಗರದಲ್ಲಿ ನೆಲೆಸಿದವರು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಒಮ್ಮೆ ತೆರೆಸಿರಿ. ಮೋಡಿಬರಹವನ್ನು ಓದಬಲ್ಲ ಹಿರಿಯರು ಊರಲ್ಲಿದ್ದರೆ ಅವರನ್ನು ಕೂರಿಸಿಕೊಂಡು ಓದಿಸಿರಿ. ಯಾವ ಗದ್ದೆ ಯಾವಾಗ ಯಾರಿಂದ ಬಂದಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ದಾಖಲೆಯಲ್ಲಿ ಯಾರ ಹೆಸರು ನಿಂತಿದೆ, ಯಾರದು ಇರಬೇಕಾಗಿತ್ತು ಎಂಬುದನ್ನೂ ವಿಚಾರಿಸಿರಿ. ಆ ಗದ್ದೆಯನ್ನು ನಿಮ್ಮ ಹಿರಿಯರಿಗಾಗಿ ಉತ್ತವರ 名ಹೆಸರು ನೆನಪಿದ್ದರೆ, ಅದನ್ನೂ ಮರೆಯದೆ ಆ ಪುಸ್ತಕದಲ್ಲಿ ಸೇರಿಸಿರಿ.